ಮತ್ತಾಯ ಮೊದಲೋ, ಮಾರ್ಕ ಮೊದಲೋ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ರೈಲಿನಲ್ಲಿ ಎದುರಿಗೆ ಕೂತಿದ್ದ ವಯಸ್ಸಾದ ಪಾದ್ರಿಗಳು, ಯೇಸುವಿನ ಕಥೆ ಹೇಳುವ ಬೈಬಲಿನ ಸುವಾರ್ತೆಗಳಲ್ಲಿ ಮತ್ತಾಯ ಬರೆದದ್ದೇ ಮೊದಲನೆಯದು, ಮಾರ್ಕ ಅದನ್ನು ಒರಟು ಗ್ರೀಕಿನಲ್ಲಿ ಚಿಕ್ಕದು ಮಾಡಿದ ಅಂದರು.

“ಇಲ್ರಿ, ಮಾರ್ಕಂದೇ ಮೊದಲು,” ಅಂದೆ.

“ಗ್ರೀಕ್ ಓದೀರೇನು?”

“ಇಲ್ರಿ. ಸಾಲಿ ಮಾಸ್ತರ ನಾನು, ಹನ್ನೆರಡು ವರ್ಷ ನಕಲು ಹಿಡದೇನಿ. ಎರಡು ಉತ್ತರ ಒಂದೇ ಥರಾ ಇದ್ರ, ಒರಟಾಗಿ ಬರದಾಂವನೇ ಮೊದಲು ಬರದಿರ್ತಾನ. ನೋಡಿ ಬರದಾಂವ ಭಾಷಾ ತಿದ್ದಿ, ಬಿಟ್ಟದ್ದು ಸೇರಸ್ತಾನ.”

ಪಾದ್ರಿಗಳು ಕನ್ನಡಕ ತೆಗೆದು ಒರೆಸತೊಡಗಿದರು. ನೊಂದರೇನೋ ಎಂದು ನನಗೆ ಅಳುಕಾಯಿತು.

“ಮೂವತ್ತು ವರ್ಷ ಮತ್ತಾಯಂದೇ ಮೊದಲಂತ ಹೇಳಿಕೋತ ಬಂದೇನ್ರಿ,” ಅಂದರು ಕಡೆಗೆ. “ನಕಲು ಮಾಡಿದಾಂವಗ ಏನ್ ಕೊಡ್ತೀರಿ?”

“ಸೊನ್ನಿ.”

“ರವಿವಾರ ಮತ್ತಾಯನ ಮ್ಯಾಲೇ ನಂದು ಉಪದೇಶ ಐತಿ. ಅಂವನ್ನಷ್ಟು ಪಾಸ್ ಮಾಡ್ರಿ, ಮಾಸ್ತರ್ರ.”

ಮಾಡಿದೆ. ನನ್ನ ಇಡೀ ನೌಕರಿಯಲ್ಲಿ ವಶೀಲಿಗೆ ಮಣಿದದ್ದು ಅದೊಂದೇ ಸಲ.