ಗೋಡೆಗೆ ಬಿಗಿದ ಸೂರು

ನಮ್ಮ ಮನೆಯವರು ಸಾಫ್ಟ್‌ವೇರ್ ಟೆಸ್ಟರ್. ಯಾವುದು ಎಲ್ಲಿ ಕೈಕೊಡಬಹುದು ಅಂತ ಹುಡುಕುವುದೇ ಅವರ ಕೆಲಸ. ಆಫೀಸಿನವರಿಗೆ ಅದು ಸಂಜೆ ಐದರವರೆಗೆ ಮಾತ್ರ. ಆಮೇಲಿನದೆಲ್ಲ ನನ್ನ ಪಾಲಿಗೆ.

ಕೆನಡಾದ ವಿಟ್ಬಿ ಊರಿನ ಹೊಸ ಬಡಾವಣೆಯೊಂದರಲ್ಲಿ ನಮ್ಮ ಮನೆ ಏಳುತ್ತಿತ್ತು. ಮೈಸೂರಿನ ಇಟ್ಟಿಗೆ, ಕಾಂಕ್ರೀಟಿನ ಮನೆಯಲ್ಲಿ ಬೆಳೆದ ಇವರಿಗೆ ಮರದ ಪಟ್ಟಿ ನಿಲ್ಲಿಸಿ ಗೋಡೆ ಅನ್ನುವುದೇ ನಗೆಪಾಟಲು. "ಇದು ಮನೆಯಲ್ಲ ಕಣೇ, ಮದುವೆ ಚಪ್ಪರ," ಅನ್ನುತ್ತಿದ್ದರು. ಅಷ್ಟರಲ್ಲಿ ಉತ್ತರದ ಕಡೆಯ ಒಂದು ಊರಿಗೆ ಸುಂಟರಗಾಳಿ ನುಗ್ಗಿ ಕೆಲವು ಮನೆಗಳ ಸೂರನ್ನೇ ಕಿತ್ತು ಬಿಸಾಕಿತು. ಟೀವಿಯಲ್ಲಿ ಅದನ್ನು ನೋಡಿದ ಮೇಲೆ ಇವರ ನಗು ನಿಂತುಹೋಯಿತು.

ಆಮೇಲೆ ಓದಿದ್ದೇ ಓದಿದ್ದು. ಒಂದು ದಿನ ಊಟಕ್ಕೆ ಕೂತಾಗ ಪಾಠ ಶುರುವಾಯಿತು.

"ಗಾಳಿ ರೂಫನ್ನ ಕೆಳಕ್ಕೆ ಒತ್ತಲ್ಲ ಕಣೇ, ಮೇಲಕ್ಕೆ ಎಳೆಯತ್ತೆ. ಇಲ್ಲಿ ಗೋಡೆಗೂ ರೂಫಿಗೂ ಬರೀ ಓರೆ ಮೊಳೆ ಹೊಡೆದಿರ್ತಾರೆ. ಸೇರೋ ಕಡೆಯಲ್ಲೆಲ್ಲ ಒಂದೊಂದು ತಗಡಿನ ಕ್ಲಿಪ್ ಹಾಕಿಸಿಬಿಟ್ರೆ ಗೋಡೆ ಅದನ್ನ ಬಿಡಲ್ಲ."

ನನಗೆ ಅರ್ಥವಾಗಲಿಲ್ಲ ಅಂದುಕೊಂಡು ಲೋಟದ ಮೇಲೆ ಹಪ್ಪಳ ಇಟ್ಟು ಊದಿ ತೋರಿಸಿದರು. ಹಪ್ಪಳ ಹಾರಿ ಮಗಳ ಸಾರಿನ ಬಟ್ಟಲಿಗೆ ಬಿತ್ತು. ಅವಳು ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. "ಅಪ್ಪಾ, ದಿಸ್ ಈಸ್ ಮೈ ಡಿನ್ನರ್," ಅಂದಳು.

ಪ್ರತಿ ಶನಿವಾರ ಸೈಟಿಗೆ ಸವಾರಿ. ಅಲ್ಲಿನ ಸೂಪರ್‌ವೈಸರ್ ಪಂಜಾಬಿನವರು, ಬಲು ಸಮಾಧಾನಿ. "ಭಾಯಿ ಸಾಬ್, ಮನೆ ಸರ್ಕಾರದ ಬಿಲ್ಡಿಂಗ್ ಕೋಡ್ ಪ್ರಕಾರವೇ ಇದೆ, ಕ್ಲಿಪ್ ಕಂಪಲ್ಸರಿ ಅಲ್ಲ," ಅಂತ ಹಿಂದಿಯಲ್ಲಿ ಎಷ್ಟು ಹೇಳಿದರೂ ಇವರು ಬಿಡರು. ಕಡೆಕಡೆಗೆ ನಮ್ಮ ಕಾರು ತಿರುವಿನಲ್ಲಿ ಕಂಡರೆ ಸಾಕು, ಆತ ಫೋನನ್ನು ಕಿವಿಗೆ ಇಟ್ಟುಕೊಂಡು ದೊಡ್ಡದಾಗಿ ಮಾತಾಡತೊಡಗುತ್ತಿದ್ದರು. ಒಂದು ಶನಿವಾರ ಹಾಗೆ ಮಾತಾಡುತ್ತಿರುವಾಗಲೇ ಆ ಫೋನು ರಿಂಗಾಯಿತು! ಆತನೇ ಮೊದಲು ನಕ್ಕಿದ್ದು. "ಆಯ್ತು, ನೀವೇ ಕ್ಲಿಪ್ ತನ್ನಿ. ಒಳಗಿನ ಗೋಡೆ ಮುಚ್ಚೋಕೆ ಮುಂಚೆ ನಮ್ಮ ಹುಡುಗರ ಕೈಲಿ ಹೊಡೆಸ್ತೀನಿ," ಅಂದರು. ಇವರು ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಾ ಕಾರು ಓಡಿಸಿದರು.

ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಅಡುಗೆಮನೆ ತೋರಿಸಬೇಕು ಅಂತ ನನ್ನ ಆಸೆ. ಇವರು ತೋರಿಸಿದ್ದು ಕಣ್ಣಿಗೆ ಕಾಣದ ಕ್ಲಿಪ್ಪುಗಳ ಫೋಟೋ. ಬೀದಿಯಲ್ಲಿ ನಮ್ಮದು 'ಕ್ಲಿಪ್ ಮನೆ' ಅಂತಾಯಿತು.

ಮರುಬೇಸಿಗೆಯ ಒಂದು ಮಧ್ಯಾಹ್ನ ಆಕಾಶ ಹಸಿರುಮಿಶ್ರಿತ ಕಪ್ಪಾಯಿತು. ನಾನು ಮೆಣಸಿನಕಾಯಿ ಬಜ್ಜಿಗೆ ಎಣ್ಣೆ ಇಟ್ಟಿದ್ದೆ. ಮನೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಅರಚಿಕೊಂಡವು: ಸುಂಟರಗಾಳಿಯ ಎಚ್ಚರಿಕೆ, ಕೂಡಲೇ ಒಳಗೆ ಸೇರಿಕೊಳ್ಳಿ. ಒಲೆ ಆರಿಸಿ ಮಗಳ ಕೈ ಹಿಡಿದುಕೊಂಡು ಬೇಸ್‌ಮೆಂಟಿಗೆ ಓಡಿದೆ. ತಿರುಗಿ ನೋಡಿದರೆ ಇವರಿಲ್ಲ. ಗಾಳಿ ಬಂದರೆ ಮೊದಲು ಬೇಸ್‌ಮೆಂಟಿಗೆ ಇಳೀಬೇಕು ಅಂತ ನಮ್ಮಿಬ್ಬರಿಗೂ ಅಷ್ಟು ಸಲ ಪಾಠ ಹೇಳಿದ್ದ ಮನುಷ್ಯ!

"ರೀ! ಎಲ್ಲಿದ್ದೀರಿ?"

ಮೇಲೆ ಮುಂಬಾಗಿಲು ದಢಾರನೆ ಬಡಿದುಕೊಂಡಿತು. ಹೊರಗೆ ನಿಂತು ಸೂರಿನ ವಿಡಿಯೋ ತೆಗೆಯುತ್ತಿರಬೇಕು ಅಂತ ಸಿಟ್ಟು ಬಂತು. ಮೆಟ್ಟಿಲು ಹತ್ತಲು ಹೊರಟೆ. ಆಗ ಇಳಿದು ಬಂದರು, ತೊಯ್ದು ತೊಪ್ಪೆಯಾಗಿ, ಎದೆಗೆ ಪಕ್ಕದ ಮನೆಯ ಕೂಸನ್ನು ಅವಚಿಕೊಂಡು. ಹಿಂದೆ ಅದರ ತಾಯಿ, ಗುಜರಾತಿನ ಹುಡುಗಿ, ಬರಿಗಾಲಲ್ಲಿ. ಅವಳ ಗಂಡ ಶಿಫ್ಟಲ್ಲಿದ್ದ.

"ಅವರ ಮನೇಲಿ ಕ್ಲಿಪ್ ಇಲ್ವಲ್ಲ ಕಣೇ, ಅದಕ್ಕೇ ಕರ್ಕೊಂಡು ಬಂದೆ," ಅಂದರು ಏದುಸಿರು ಬಿಡುತ್ತಾ.

ಮಗಳು ಅವರನ್ನೇ ನೋಡಿ, "ಬಟ್ ಅಪ್ಪಾ, ದೇ ಹ್ಯಾವ್ ಎ ಬೇಸ್‌ಮೆಂಟ್ ಟೂ," ಅಂದಳು.

ಇವರು ಕೂಸನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡರು. ಮೊದಲು ನಕ್ಕವಳು ಆ ಗುಜರಾತಿ ಹುಡುಗಿ. ನಕ್ಕು ನಕ್ಕು ಅಳುವುದಕ್ಕೇ ಶುರುಮಾಡಿದಳು. ಒಬ್ಬಳೇ ಇದ್ದಳಲ್ಲ, ಎಷ್ಟು ಹೆದರಿದ್ದಳೋ. ನಾನು ಅವಳ ಬೆನ್ನು ಸವರುತ್ತಾ ಕೂತೆ. ಮೇಲೆ ಗಾಳಿ ಊಳಿಡುತ್ತಿತ್ತು, ಕೂಸು ಇವರ ಕನ್ನಡಕ ಕೀಳುವುದರಲ್ಲಿ ಮಗ್ನವಾಗಿತ್ತು.

ಸುಂಟರಗಾಳಿ ನಮ್ಮನ್ನು ಮುಟ್ಟದೆ ಹೊಲಗಳ ಮೇಲೆ ಹಾದುಹೋಗಿತ್ತು. ಹೊರಗೆ ಬಂದು ನೋಡಿದರೆ ಬೀದಿಯ ಸೂರುಗಳೆಲ್ಲ ನೆಟ್ಟಗಿವೆ, ನಮ್ಮದರ ಮೇಲೆ ಮಾತ್ರ ಹೊದಿಸಿದ್ದ ಶಿಂಗಲ್ ಹಾಳೆಗಳು ಒಂದಷ್ಟು ಎದ್ದುಹೋಗಿವೆ. ನಾನು ಅವರ ಮುಖ ನೋಡಿದೆ.

"ಶಿಂಗಲ್ ಬೇರೆ, ಕ್ಲಿಪ್ ಬೇರೆ," ಅಂದರು ಗಂಭೀರವಾಗಿ.

ಸಂಜೆ ಆ ಹುಡುಗಿಯ ಗಂಡ ಕೆಲಸದಿಂದ ನೇರವಾಗಿ ನಮ್ಮ ಮನೆಗೇ ಬಂದ. ಇವರ ಕೈ ಹಿಡಿದುಕೊಂಡವನು ಸುಮಾರು ಹೊತ್ತು ಬಿಡಲೇ ಇಲ್ಲ. ಆಮೇಲೆ ಸಂಕೋಚದಿಂದ, "ಅಂಕಲ್, ಆ ಕ್ಲಿಪ್ ಒಂದ್ಸಲ ತೋರಿಸ್ತೀರಾ?" ಅಂದ.

ಇಂಥ ಮಾತನ್ನು ಈ ಮನುಷ್ಯನ ಹತ್ತಿರ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಏಣಿ ಬಂತು, ಟಾರ್ಚು ಬಂತು. ಇಬ್ಬರೂ ಅಟ್ಟಕ್ಕೆ ನುಸುಳಿದರು. ಇಳಿದು ಬರುವಾಗ, ಚಳಿ ತಡೆಯಲು ಅಟ್ಟದಲ್ಲಿ ತುಂಬಿದ್ದ ಹತ್ತಿಯಂಥ ಬಿಳಿ ನಾರು ತಲೆಗೆ, ಹುಬ್ಬಿಗೆಲ್ಲ ಮೆತ್ತಿಕೊಂಡು ಇಬ್ಬರೂ ಮುದುಕರಾಗಿದ್ದರು. ಇವರ ಮುಖದಲ್ಲಿ ಎಂಥ ಕಳೆ ಅಂತೀರಿ!

"ಎಲ್ಲಾ ಗಟ್ಟಿಯಾಗಿದೆ ಕಣೇ," ಅಂದರು.

"ಇರಲಿ ಬಿಡಿ," ಅಂತ ಟವೆಲ್ ತಂದು ಅವರ ತಲೆ ಕೊಡವಿದೆ.