ನಡಿಗೆ ಡಾಕ್ಟರು

ರೋಗಿಗಳು ಆಕೆಗೆ ಇಟ್ಟ ಹೆಸರು ನಡಿಗೆ ಡಾಕ್ಟರು. ಆಕೆ ನರರೋಗ ತಜ್ಞೆ. ಹೆಚ್ಚಾಗಿ ನೋಡುತ್ತಿದ್ದುದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ, ನಾಲಿಗೆ ಹೊರಳದ ಹೆಸರಿನ ಕಾಯಿಲೆ. ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ನರಗಳ ಹೊದಿಕೆಯನ್ನು ತಿಂದುಹಾಕುತ್ತದೆ; ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇವತ್ತು ಕಾಲು, ನಾಳೆ ಕಣ್ಣು, ನಾಡಿದ್ದು ಏನೋ ಯಾರಿಗೂ ತಿಳಿಯದು.

ಆಕೆ ಕುರ್ಚಿಯಲ್ಲಿ ಕೂತು ರೋಗಿಯನ್ನು ಕರೆಸಿದವಳಲ್ಲ. ಕಾರಿಡಾರಿನ ಈ ತುದಿಯಲ್ಲಿ ತನ್ನ ಕೋಣೆಯ ಬಾಗಿಲಿಗೆ ಒರಗಿ ನಿಂತು, ಆ ತುದಿಯ ಬೆಂಚಿನಿಂದ ರೋಗಿ ಎದ್ದು ಬರುವುದನ್ನೇ ನೋಡುತ್ತಿದ್ದಳು. ಪಾದ ಎಳೆಯುತ್ತದೆಯೇ, ಮಂಡಿ ಬಿಗಿದಿದೆಯೇ ಎಂದು ನೋಡಿ ಅರ್ಧ ತಪಾಸಣೆ ಅಲ್ಲಿಯೇ ಮುಗಿಸುತ್ತಿದ್ದಳು. "ಬಾಯಿ ಸುಳ್ಳು ಹೇಳುತ್ತೆ, ಕಾಲು ಹೇಳಲ್ಲ" ಎಂದು ಕಿರಿಯ ಡಾಕ್ಟರುಗಳಿಗೆ ಪಾಠ ಬೇರೆ. ಆಕೆಯ ತಮ್ಮ ಹಂಗಿಸುತ್ತಿದ್ದ: "ಅಕ್ಕನಿಗೆ ನೆಂಟರ ಮುಖ ಒಂದೂ ನೆನಪಿರಲ್ಲ. ನಡೆದು ತೋರಿಸಿ, ಥಟ್ಟಂತ ಗುರುತು ಹಿಡೀತಾಳೆ."

ಆಕೆಯ ಅಚ್ಚುಮೆಚ್ಚಿನ ರೋಗಿ ಒಬ್ಬ ಡ್ರಿಲ್ ಮೇಷ್ಟ್ರು. ಮೊದಲ ಸಲ ಹೆಂಡತಿಯ ಹೆಗಲಿಗೆ ಜೋತುಬಿದ್ದು ಬಂದ ಮನುಷ್ಯ, ತಿಂಗಳಿಗೊಮ್ಮೆ ರಕ್ತನಾಳಕ್ಕೆ ಹನಿಹನಿಯಾಗಿ ಹಾಕುವ ಔಷಧಿಯಿಂದ ಮತ್ತೆ ಶಾಲೆಯ ಮೈದಾನಕ್ಕೆ ಇಳಿದಿದ್ದರು. ಅದು ಅವರ ಪಾಲಿಗೆ ಔಷಧಿಯಲ್ಲ, ಜೀವ.

ಆದರೆ ಅದಕ್ಕೆ ಎರಡು ತೊಡಕುಗಳಿದ್ದವು. ಔಷಧಿ ಶುರುವಾದ ಮೇಲೂ ಕೋಲಿನ ಇಲ್ಲವೇ ಬೇರೆಯವರ ಆಸರೆಯಿಲ್ಲದೆ ಆ ಕಾರಿಡಾರು ದಾಟಲಾರದವರಿಗೆ ಔಷಧಿ ನಿಲ್ಲಿಸಬೇಕೆಂಬುದು ಆಸ್ಪತ್ರೆಯ ನಿಯಮ. ಇನ್ನೊಂದು ಅಪಾಯ. ಔಷಧಿ ಮೈಯ ಕಾವಲುಗಾರರ ಕೈ ಕಟ್ಟಿಹಾಕುತ್ತದೆ. ಆಗ ಮೈಯಲ್ಲಿ ತೆಪ್ಪಗೆ ಮಲಗಿದ್ದ ಒಂದು ವೈರಸ್ಸು ಎದ್ದು ಮಿದುಳಿಗೆ ನುಗ್ಗಬಹುದು. ಮೇಷ್ಟ್ರ ರಕ್ತದಲ್ಲಿ ಅದು ಇತ್ತು. ದೃಷ್ಟಿ, ಮಾತು ಸ್ವಲ್ಪ ಏರುಪೇರಾದರೂ ತಕ್ಷಣ ಹೇಳಬೇಕೆಂದು ಆಕೆ ಶುರುವಿನಲ್ಲೇ ಎಚ್ಚರಿಸಿದ್ದಳು. ನಡುನಡುವೆ ಸ್ಕ್ಯಾನೂ ಆಗಬೇಕಿತ್ತು. ಕಳೆದ ಸಲ ಮೇಷ್ಟ್ರ ನಡಿಗೆಗೆ ಮನಸೋತು, "ಇಷ್ಟು ಚೆನ್ನಾಗಿ ನಡೀತಿದೀರಲ್ಲ, ಸ್ಕ್ಯಾನು ಮುಂದಿನ ಸಲ ನೋಡೋಣ" ಎಂದುಬಿಟ್ಟಿದ್ದಳು.

ಆ ಮುಂದಿನ ಸಲ ಬಂತು. ಮೇಷ್ಟ್ರು ಬೆಂಚಿನಿಂದ ಎದ್ದರು. ಎದೆ ಸೆಟೆಸಿ, ತೋಳು ಬೀಸಿ, ಪೆರೇಡಿನಲ್ಲಿ ನಡೆದಂತೆ ನಡೆದು ಬಂದರು. ಆಕೆಗೆ ಹೊಟ್ಟೆ ತುಂಬಿದಷ್ಟು ಖುಷಿಯಾಯಿತು. ಅವರು ಹಾಗೇ ಆಕೆಯನ್ನು ದಾಟಿ, ಬಾಗಿಲನ್ನೂ ದಾಟಿ, ಎದುರಿನ ಗೋಡೆಯವರೆಗೆ ಹೋಗಿ ನಿಂತರು.

"ಮೇಷ್ಟ್ರೇ, ಎಲ್ಲಿಗೆ ಹೊರಟ್ರಿ?"

"ಎಲ್ಲಿದೀರ ಡಾಕ್ಟ್ರಮ್ಮ?" ಎಂದು ಅವರು ನಗುತ್ತಾ ಬಲಕ್ಕೆ ತಿರುಗಿ ಹುಡುಕಿದರು.

ಆಕೆ ಹಿಂದೆಯೇ ಬಂದು ಅವರ ಎಡಕ್ಕೆ, ಕೈಯಳತೆಯಲ್ಲೇ ನಿಂತಿದ್ದಳು. ಅವರ ಎಡಗಣ್ಣಿನ ಪಕ್ಕಕ್ಕೆ ಕೈ ತಂದು ಬೆರಳಾಡಿಸಿದಳು. ಮೇಷ್ಟ್ರ ರೆಪ್ಪೆ ಅಲುಗಲಿಲ್ಲ. ಆ ತುದಿಯಲ್ಲಿ ಅವರ ಹೆಂಡತಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಡಾಕ್ಟರು ಅವರನ್ನು ಹತ್ತಿರ ಕರೆದಳು.

"ಯಾವಾಗಿಂದಮ್ಮ ಹೀಗೆ?"

"ಒಂದು ತಿಂಗಳ ಮೇಲಾಯ್ತು" ಎಂದರು ಹೆಂಡತಿ. "ತಟ್ಟೇಲಿ ಎಡಗಡೆ ಬಡಿಸಿದ್ದು ಹಾಗೇ ಉಳಿಯುತ್ತೆ. ಎಡಗಡೆ ಬಾಗಿಲಿಗೆ ಹೋಗಿ ಬಡ್ಕೋತಾರೆ. ಹೇಳಿದ್ರೆ ಔಷಧಿ ನಿಲ್ಲಿಸ್ತಾರೆ, ಬಾಯಿ ಬಿಡಬೇಡ ಅಂದ್ರು. ದಿನಾ ಮನೇಲಿ ನಡೆಸಿ ನಡೆಸಿ ಅಭ್ಯಾಸ ಮಾಡ್ಸಿದೀನಿ."

ಆ ತಿಂಗಳಲ್ಲೇ ಆಕೆ ಮೇಷ್ಟ್ರಿಗೆ ಇನ್ನೊಂದು ಡೋಸು ಕೊಟ್ಟಿದ್ದಳು.

ಸ್ಕ್ಯಾನಿನಲ್ಲಿ ಮಿದುಳಿನ ಹಿಂಭಾಗ ಬೆಳ್ಳಗೆ ಕಂಡಿತು; ಮಲಗಿದ್ದ ವೈರಸ್ಸು ಎದ್ದಿತ್ತು. ಔಷಧಿ ನಿಲ್ಲಿಸಿದರು, ಮೈಯಲ್ಲಿ ಉಳಿದಿದ್ದನ್ನು ರಕ್ತದಿಂದ ಸೋಸಿ ತೆಗೆದರು. ಆ ವೈರಸ್ಸಿಗೆ ಮಾತ್ರ ಮದ್ದಿಲ್ಲ. ಮೊದಲು ಮಾತು ಹೋಯಿತು, ಆಮೇಲೆ ನುಂಗುವುದು ಹೋಯಿತು, ಕೊನೆಗೆ ಮೇಷ್ಟ್ರೇ ಹೋದರು.

ಆಕೆ ಮೇಷ್ಟ್ರ ಹೆಂಡತಿಯನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದಳು. "ಔಷಧಿಯಿಂದಲೇ ಹೀಗಾಯ್ತಮ್ಮ. ಸ್ಕ್ಯಾನು ಮುಂದಕ್ಕೆ ಹಾಕಿದ್ದು ನಾನು, ತಪ್ಪು ನಂದೇ. ಆದ್ರೂ ನೀವು ಒಂದೇ ಒಂದು ಮಾತು ನನ್ನ ಕಿವಿಗೆ ಹಾಕಿದ್ರೆ..."

ಆಯಮ್ಮನಿಗೆ ಸಿಟ್ಟೂ ಬರಲಿಲ್ಲ. "ಹೇಗೆ ಹೇಳೋದು ಡಾಕ್ಟ್ರಮ್ಮ? ನೀವು ಬಾಗಿಲಲ್ಲಿ ಬಂದು ನಿಂತ್ರೆ ನಮಗೆಲ್ಲ ಎದೆ ಡವಡವ ಅನ್ನುತ್ತೆ. ಬೆಂಚಿನ ಮೇಲೆ ಕೂತೋರು ಮಾತಾಡೋದೇ ಅದು, ಹೇಗೆ ನಡೆದ್ರೆ ನಿಮಗೆ ಗೊತ್ತಾಗಲ್ಲ ಅಂತ. ನಮ್ಮೋರೇ ಎಲ್ಲರಿಗೂ ಹೇಳಿಕೊಡ್ತಿದ್ರು."

ಆಕೆ ಅಷ್ಟು ವರ್ಷ ತನ್ನನ್ನು ಕಂಡರೆ ರೋಗಿಗಳಿಗೆ ಪ್ರೀತಿ ಎಂದುಕೊಂಡಿದ್ದಳು. ಅವರು ನಗುನಗುತ್ತಾ ಬರುತ್ತಿದ್ದುದು ಭಯಕ್ಕೆ ಎಂದು ಈಗ ತಿಳಿದು, ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ಬಾಗಿಲಿಗೆ ಬಂದಾಗ ಆ ತುದಿಯಲ್ಲಿ ಇನ್ನೊಬ್ಬ ರೋಗಿ, ಒಬ್ಬ ಟೈಲರ್ ಹೆಂಗಸು ಎದ್ದಳು. ಡಾಕ್ಟರನ್ನು ಕಂಡದ್ದೇ ಕೈಯಲ್ಲಿದ್ದ ಕೋಲನ್ನು ಸರಕ್ಕನೆ ಮಗಳಿಗೆ ದಾಟಿಸಿ, ಎದೆ ಸೆಟೆಸಿ, ಮುಖದ ತುಂಬ ನಗು ತಂದುಕೊಂಡಳು. ಡಾಕ್ಟರಿಗೆ ನೋಡುತ್ತಾ ನಿಲ್ಲಲಾಗಲಿಲ್ಲ. ಕೈ ಚಾಚಿ ತಾನೇ ಬೆಂಚಿನ ಕಡೆ ಬಿರಬಿರನೆ ನಡೆದಳು.

ಟೈಲರಮ್ಮನ ನಗು ಇಂಗಿಹೋಯಿತು. "ಬರಬೇಡಿ ಡಾಕ್ಟ್ರಮ್ಮ, ಬರಬೇಡಿ" ಎಂದು ಬೇಡಿಕೊಂಡಳು. "ಅಲ್ಲೇ ನಿಂತು ನೋಡಿ. ನಾನು ನಡೀತೀನಿ."