ಅವಿರೋಧವಾಗಿ ನಡೆಯುವ ನನ್ನ ಪಾಠ

ಚುನಾವಣೆ ಬಂತೆಂದರೆ ನನ್ನ ಬೀರು ಚಿಕ್ಕದಾಗುತ್ತದೆ. ಕೇಸರಿ ಸೀರೆ ಉಟ್ಟರೆ ಒಂದು ಅರ್ಥ, ಹಸಿರು ಉಟ್ಟರೆ ಇನ್ನೊಂದು, ನೀಲಿಗೆ ಮತ್ತೊಂದು. ಯಾವ ತಂಟೆಯೂ ಬೇಡವೆಂದು ಒಮ್ಮೆ ಬಿಳಿ ಸೀರೆ ಉಟ್ಟುಕೊಂಡು ಹೋದರೆ ಸ್ಟಾಫ್ ರೂಮಿನಲ್ಲಿ ಒಬ್ಬರು, "ಏನ್ ಮೇಡಂ, ಈ ಸಲ ನೀವೇ ನಿಲ್ತೀರೇನ್ರಿ?" ಎಂದರು. ಕೊನೆಗೆ ಉಳಿದದ್ದು ಬೂದುಬಣ್ಣ. ಆ ಬಣ್ಣದ ಬಾವುಟವನ್ನು ಇನ್ನೂ ಯಾರೂ ಹೊಲಿಸಿಲ್ಲ. ರಾಜ್ಯಶಾಸ್ತ್ರ ಪಾಠ ಮಾಡುವವಳ ಪಾಡು ಇದು.

ಚನ್ನಗಿರಿಯಲ್ಲಿದ್ದಾಗ ಹುಡುಗರು ನನ್ನನ್ನು ಒಂದು ಪಕ್ಷಕ್ಕೆ ಸೇರಿಸಿದ್ದರು. ನ್ಯಾಮತಿಗೆ ವರ್ಗವಾದಾಗ ಅಲ್ಲಿನವರು ಅದರ ಎದುರು ಪಕ್ಷಕ್ಕೆ ಸೇರಿಸಿದರು. ಈಗ ಹೊನ್ನಾಳಿಯಲ್ಲಿ ಏನೆಂದುಕೊಂಡಿದ್ದಾರೋ ತಿಳಿಯದು. ಎಲ್ಲೂ ನಾನು ಬಾಯಿಬಿಟ್ಟವಳಲ್ಲ. "ಒಂದು ವಾದದ ಪ್ರಕಾರ" ಎಂದು ಶುರುಮಾಡಿ "ಇನ್ನೊಂದು ವಾದದ ಪ್ರಕಾರ" ಎಂದು ಮುಗಿಸುವಷ್ಟರಲ್ಲಿ ಬೆಲ್ ಹೊಡೆಯುವಂತೆ ನೋಡಿಕೊಳ್ಳುವುದು ನನಗೆ ಕರಗತವಾಗಿದೆ. ಬೆಳಿಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ ಎಂದು ಗಂಡ ಕೇಳಿದರೂ ನನ್ನ ಬಾಯಲ್ಲಿ ಎರಡರ ಸಮರ್ಥನೆಯೂ ಬರುತ್ತದೆ. ಅವರು ಪಾಪ, ಹೋಟೆಲಿಗೆ ಹೋಗಿ ಇಡ್ಲಿ ತಿಂದು ಬರುತ್ತಾರೆ.

ಅಧ್ಯಾಪಕರು ತಮ್ಮ ರಾಜಕೀಯ ಅಭಿಪ್ರಾಯವನ್ನು ತರಗತಿಯಲ್ಲಿ ಹೇಳಬೇಕೆ, ಬೇಡವೆ? ಬೇಡ ಎನ್ನುವವರ ಮಾತಿನಲ್ಲಿ ನ್ಯಾಯವಿದೆ. ಅಂಕ ಕೊಡುವ ಕೈ ನಮ್ಮದು. ನಮ್ಮ ಅಭಿಪ್ರಾಯ ಕೇಳಿಸಿಕೊಂಡ ಹುಡುಗ ಪರೀಕ್ಷೆಯಲ್ಲಿ ಅದನ್ನೇ ಬರೆದಾನು. ಹೇಳಬೇಕು ಎನ್ನುವವರ ಮಾತಿನಲ್ಲೂ ನ್ಯಾಯವಿದೆ. ನೋಡಿ, ಮತ್ತೆ ಅದೇ ಚಟ! ಗ್ರೀಸಿನ ಒಬ್ಬ ಮುದುಕ ಪೇಟೆಬೀದಿಯಲ್ಲಿ ಹುಡುಗರಿಗೆ ಪ್ರಶ್ನೆ ಕೇಳಲು ಕಲಿಸಿ ವಿಷ ಕುಡಿಯಬೇಕಾಯಿತು. ನಮಗೆ ಅಷ್ಟು ಕಷ್ಟವಿಲ್ಲ. ಯಾರಾದರೂ ಮೊಬೈಲಿನಲ್ಲಿ ಅರ್ಧ ವಾಕ್ಯ ಹಿಡಿದು ವಾಟ್ಸಾಪಿಗೆ ಬಿಟ್ಟರೆ ಒಂದು ನೋಟಿಸು ಬರುತ್ತದೆ, ಅಷ್ಟೇ. ಆದರೂ ಆ ಮುದುಕನಿಗಿದ್ದ ಧೈರ್ಯದ ಚೂರೂ ನನಗಿಲ್ಲ.

ಹೀಗೆ ಅಳೆದು ತೂಗಿ ಮಾತಾಡುವುದು ನಾನು ನನ್ನ ಮೇಷ್ಟ್ರಿಂದ ಕಲಿತದ್ದಲ್ಲ. ಬಿಳಿಚೋಡಿನಿಂದ ಬಸ್ಸಿಗೆ ಜೋತುಬಿದ್ದು ಜಗಳೂರಿಗೆ ಡಿಗ್ರಿ ಓದಲು ಹೋಗುತ್ತಿದ್ದ ಕಾಲದಲ್ಲಿ ನಮಗೆ ತಿಪ್ಪೇಸ್ವಾಮಿ ಸರ್ ಇದ್ದರು. ಅವರದೊಂದು ಪದ್ಧತಿ. ಪಾಠ ಮಾಡುವಷ್ಟು ಹೊತ್ತು ಕರಿಹಲಗೆಯ ಮುಂದಿನ ಕಟ್ಟೆಯ ಮೇಲೆ ನಿಂತಿರುತ್ತಿದ್ದರು. ಸ್ವಂತ ಅಭಿಪ್ರಾಯ ಹೇಳಬೇಕೆನಿಸಿದಾಗ ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡು ಕೆಳಗಿಳಿದುಬಿಡುತ್ತಿದ್ದರು. "ಮ್ಯಾಲಿದ್ದಾಗ ಸಿಲಬಸ್ಸಿನ ಮಾತು, ಕೆಳಗಿಳಿದ್ರೆ ತಿಪ್ಪೇಸ್ವಾಮಿ ಮಾತು. ಇದಕ್ಕೆ ಮಾರ್ಕ್ಸ್ ಇಲ್ಲ, ಇದನ್ನ ನಂಬಾಕೂ ಹೋಗಬ್ಯಾಡ್ರಿ. ಒಪ್ಪದೋರು ಕಟ್ಟೆ ಹತ್ತಿ ಮಾತಾಡ್ರಿ." ಅವರು ಬಂದು ನಮ್ಮ ಬೆಂಚಿನಲ್ಲಿ ಕೂರುತ್ತಿದ್ದರು. ಮೇಲೆ ಹತ್ತುತ್ತಿದ್ದವಳು ಹೆಚ್ಚಾಗಿ ನಾನೇ.

ಒಮ್ಮೆ ಪಂಚಾಯ್ತಿಗೆ ಅವಿರೋಧವಾಗಿ ಸದಸ್ಯರನ್ನು ಆರಿಸುವ ಮಾತು ಬಂತು. ಊರ ಹಿರಿಯರು ಗುಡಿ ಮುಂದೆ ಕೂತು, ಈ ವಾರ್ಡಿಗೆ ಇವನು, ಆ ವಾರ್ಡಿಗೆ ಅವನು ಎಂದು ಮಾತಾಡಿಕೊಂಡು, ಬೇರೆ ಯಾರೂ ನಾಮಪತ್ರ ಹಾಕದಂತೆ ನೋಡಿಕೊಳ್ಳುವ ಪದ್ಧತಿ ನಮ್ಮ ಕಡೆ ಹೊಸದಲ್ಲ. ಅದು ಸರಿಯಲ್ಲ ಎಂದು ಸರ್ ಕೆಳಗಿಳಿದರು. ನಾನು ಹತ್ತಿದೆ. "ನಮ್ಮಜ್ಜಿ ಊರಾಗೆ ಅವಿರೋಧ ಆಗಿದ್ದಕ್ಕೇ ಎಲ್ಲ ನೆಮ್ಮದಿಯಾಗೈದಾರೆ ಸರ್. ಎಲೆಕ್ಷನ್ ಆದ್ರೆ ಅಣ್ಣತಮ್ಮಂದಿರೇ ಮಾತು ಬಿಡ್ತಾರೆ" ಎಂದೆ.

ಬೆಂಚಿನಲ್ಲಿ ಕೂತಿದ್ದ ಸರ್ ಕೈಯೆತ್ತಿದರು, ನಾವು ಎತ್ತುವಂತೆಯೇ. "ಜಗಳ ಇಲ್ಲ ಅಂದ್ರೆ ನ್ಯಾಯ ಐತೆ ಅಂತಲ್ಲ ಬಿಳಿಚೋಡವ್ವ. ಗುಡಿ ಮುಂದೆ ಕುಂತೋರು ಹೆಸರು ಹೇಳಿದ್ರು, ಸರಿ. ಹಿಂದೆ ನಿಂತೋರನ್ನ ಯಾರಾದ್ರೂ ಕೇಳಿದ್ರೇನು?"

ನಾನು ಒಪ್ಪಲಿಲ್ಲ. ಮಾರನೆಯ ದಿನವೂ ಒಪ್ಪಲಿಲ್ಲ. ಡಿಗ್ರಿ ಮುಗಿದ ಮೇಲೂ ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಅದೇ ವಾದ, ನಡುವೆ ಎರಡು ಬಸ್ಸು ಹೋದರೂ ಪರಿವೆಯಿಲ್ಲ. ಯಾವಾಗಲೋ ನಾನು ಒಳಗೊಳಗೇ ಅವರ ಕಡೆ ವಾಲಿದ್ದೆ. ಹೇಳಿದರೆ ವಾದ ಮುಗಿದುಹೋದೀತೆಂದು ಹೇಳಲಿಲ್ಲ. ಹೋದ ವರ್ಷ ಸರ್ ತೀರಿಕೊಂಡರು. ಅಂದಿನಿಂದ ನನಗೆ ಒಂದೇ ಆಸೆ, ಯಾರಾದರೂ ನನ್ನ ಮುಖ ನೋಡಿ "ನೀವು ಹೇಳೋದು ತಪ್ಪು" ಅನ್ನಬೇಕು. ಸತ್ತವರನ್ನು ನೆನೆದು ಜನ ಅವರ ಪ್ರೀತಿಯನ್ನೋ ಕೈತುತ್ತನ್ನೋ ಹಂಬಲಿಸುತ್ತಾರಂತೆ. ನಾನು ಜಗಳ ಹಂಬಲಿಸುತ್ತೇನೆ. ಬಸ್ಸು ಜಗಳೂರಿನಲ್ಲಿ ನಿಂತಾಗ ಈಗಲೂ ಕಣ್ಣು ಅವರನ್ನು ಹುಡುಕುತ್ತದೆ.

ಆದರೆ ನನ್ನ ತರಗತಿಯಲ್ಲಿ ತಪ್ಪು ಎನ್ನುವುದಾದರೂ ಹೇಗೆ? ನಾನು ಏನಾದರೂ ಹೇಳಿದ್ದರೆ ತಾನೆ! ಎರಡೂ ವಾದ ಬರೆಸುತ್ತೇನೆ, ಮಕ್ಕಳು ಎರಡನ್ನೂ ಬರೆದುಕೊಳ್ಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ನನ್ನ ಪಾಠ ಅವಿರೋಧವಾಗಿ ನಡೆಯುತ್ತಿದೆ. ಯಾರಿಗೂ ಬೇಸರವಿಲ್ಲ, ಯಾರ ನಿದ್ದೆಯೂ ಕೆಡುವುದಿಲ್ಲ.

ನಿನ್ನೆ ಶನಿವಾರ ಸ್ಥಳೀಯ ಸರ್ಕಾರದ ಪಾಠ. ಅವಿರೋಧ ಆಯ್ಕೆಯ ಲಾಭ ಬರೆಸಿದೆ, ನಷ್ಟ ಬರೆಸಿದೆ. ಸಾಸ್ವೆಹಳ್ಳಿ ಕಡೆಯಿಂದ ಬರುವ ನಸ್ರೀನ್ ಎಂಬ ಹುಡುಗಿ ಪೆನ್ನು ಕೆಳಗಿಟ್ಟು ಎದ್ದು ನಿಂತಳು.

"ಎರಡೂ ಬರ್ಕೊಂಡ್ವಿ ಮೇಡಂ. ನಿಮಗೇನು ಅನ್ನಿಸ್ತೈತೆ, ಅದನ್ನ ಹೇಳ್ರಿ."

ಹೊನ್ನಾಳಿಯ ತರಗತಿಯಲ್ಲಿ ಇಳಿಯಲು ಕಟ್ಟೆಯಿಲ್ಲ, ಎಲ್ಲ ಸಮತಟ್ಟು ಟೈಲ್ಸು. ಬೆಲ್ಲಿಗೆ ಇನ್ನೂ ಹೊತ್ತಿತ್ತು. ಏನಾದರಾಗಲಿ ಎಂದುಕೊಂಡು, "ಇದು ನನ್ನ ಮಾತು, ಇದಕ್ಕೆ ಮಾರ್ಕ್ಸ್ ಇಲ್ಲ" ಎಂದು ಹೇಳಿಯೇಬಿಟ್ಟೆ. ಅವಿರೋಧ ಆಯ್ಕೆ ಒಳ್ಳೆಯದಲ್ಲ, ಹಿಂದೆ ನಿಂತವರನ್ನು ಅಲ್ಲಿ ಯಾರೂ ಕೇಳುವುದಿಲ್ಲ ಎಂದೆ.

ನಸ್ರೀನ್ "ನೀವು ಹೇಳೋದು ತಪ್ಪು ಮೇಡಂ" ಎಂದಳು.

"ನಮ್ಮ ವಾರ್ಡು ಹೆಣ್ಮಕ್ಕಳಿಗೆ ಅಂತ ಬಂತು. ಎಲೆಕ್ಷನ್ ಆಗಿದ್ರೆ ನಮ್ಮ ಅಮ್ಮಿ ನಿಲ್ತಾನೇ ಇರ್ಲಿಲ್ಲ. ಮನೆಮನೆ ತಿರುಗಾಕೆ, ಮೈಕಿನಾಗೆ ಹೆಸರು ಕೂಗಿಸ್ಕೊಳ್ಳಾಕೆ ಮನ್ಯಾಗೆ ಯಾರೂ ಬಿಡ್ತಿರ್ಲಿಲ್ಲ. ಪೈಪೋಟಿ ಇಲ್ಲ ಅಂತ ಮನೆಯೋರು ಒಪ್ಪಿದ್ರು, ಬಾಯಿ ತೆಗೆಯಲ್ಲ ಅಂತ ಊರೋರು ಒಪ್ಪಿದ್ರು. ಈಗ ನಲ್ಲಿ ನೀರಿನ ಮಾತು ಬಂದ್ರೆ ಸಭೆಯಾಗೆ ಅಮ್ಮಿದೇ ಗದ್ಲ. ಹಿಂದೆ ನಿಂತೋರು ಮುಂದೆ ಬರಾಕೆ ನಮಗೆ ಅದೊಂದೇ ದಾರಿ ಇತ್ತು. ಅದನ್ನ ಹೆಂಗೆ ಕೆಟ್ಟದ್ದು ಅಂತೀರಿ?"

ತರಗತಿಯಲ್ಲಿ ಒಮ್ಮೆಲೇ ಗಲಾಟೆಯೆದ್ದಿತು. ಕೆಲವರು ಅವಳ ಕಡೆ, ಕೆಲವರು ನನ್ನ ಕಡೆ, ಹಿಂದಿನ ಬೆಂಚಿನವರು ಎರಡೂ ಕಡೆ. ಯಾರಾದರೂ ಮೊಬೈಲ್ ಎತ್ತಿದರೋ ಇಲ್ಲವೋ, ನೋಡುವ ಎಚ್ಚರವೂ ನನಗಿರಲಿಲ್ಲ. ಅಷ್ಟು ಖುಷಿಯಾಗಿತ್ತು. ಆ ಖುಷಿಯಲ್ಲಿ ನನಗೆ ಮೊದಲು ಅನ್ನಿಸಿದ್ದು, ಸಂಜೆ ಸರ್‌ಗೆ ಫೋನು ಮಾಡಬೇಕು ಎಂದು. ಮರುಕ್ಷಣವೇ ಅವರಿಲ್ಲವೆಂಬುದು ನೆನಪಾಯಿತು.

ಇವತ್ತು ಭಾನುವಾರವಿಡೀ ಉತ್ತರ ಹುಡುಕಿದೆ. ಇದಕ್ಕೆ ಸರ್ ಏನನ್ನುತ್ತಿದ್ದರು ಎಂದು ತಲೆ ಕೆರೆದುಕೊಂಡೆ. ಅವರೂ ನಾನೂ ಅಷ್ಟು ವರ್ಷ ವಾದಿಸಿದೆವಲ್ಲ, ನಸ್ರೀನಳ ಅಮ್ಮಿ ನಮ್ಮಿಬ್ಬರ ಮಾತಿನಲ್ಲೂ ಎಲ್ಲೂ ಬಂದಿರಲಿಲ್ಲ. ಆಗ ಹೊಳೆಯಿತು. ಚನ್ನಗಿರಿ, ನ್ಯಾಮತಿ, ಹೊನ್ನಾಳಿ ಎಂದು ಊರೂರಿಗೆ ಹೊತ್ತು ತಿರುಗಿ, ಯಾರಿಗೂ ತೋರಿಸದೆ ಜೋಪಾನ ಮಾಡಿದ್ದ ಅಭಿಪ್ರಾಯವನ್ನು ಹೊರಗೆ ತೆಗೆದು ನೋಡಿದರೆ, ಅದು ನನ್ನದಾಗಿರಲಿಲ್ಲ, ಸರ್ ಅವರದು. ಬಾಯಿಬಿಡದೆ ಇದ್ದಿದ್ದರೆ ಅದು ನನಗೆ ತಿಳಿಯುತ್ತಲೂ ಇರಲಿಲ್ಲ.

ಈಗ ಅಧ್ಯಾಪಕರು ಅಭಿಪ್ರಾಯ ಹೇಳಬೇಕೆ ಎಂದು ನನ್ನನ್ನು ಕೇಳಬೇಡಿ. ನಾಳೆ ಮೊದಲ ಪೀರಿಯಡ್ಡಿಗೆ ನಸ್ರೀನ್ ಬಂದು ಕೂತಿರುತ್ತಾಳೆ. ಅಷ್ಟರೊಳಗೆ ನನಗೊಂದು ಅಭಿಪ್ರಾಯ ಬೇಕಾಗಿದೆ.